ವಾರ್ಡ್ ನಕ್ಷೆ ಹಲವು ಸಲ ಬದಲಾಯಿತು, ನಮ್ಮ ಲೆಕ್ಕ ಎಲ್ಲಿ ಹೋಯಿತು?

2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಬೆಂಗಳೂರು ನಗರ ಜಿಲ್ಲಾಡಳಿತ ಖಾಸಗಿ ನೀರಿನ ಟ್ಯಾಂಕರ್‌ಗಳಿಗೆ ದರ ನಿಗದಿ ಮಾಡಿತು. ಐದು ಕಿ.ಮೀ. ಒಳಗಾದರೆ 6,000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000. ಐದರಿಂದ ಹತ್ತು ಕಿ.ಮೀ. ಆದರೆ 750 ಮತ್ತು 1,200. ಆ ದರಕ್ಕೆ ನೀರು ಸಿಕ್ಕಿತಾ? ನಾನಿರುವ ಅನ್ನಪೂರ್ಣೇಶ್ವರಿ ನಗರದಲ್ಲಿ ಯಾರನ್ನೇ ಕೇಳಿ, ಥಟ್ಟಂತ ಉತ್ತರ ಬರುತ್ತೆ. ಪುರಾವೆ ಕೊಡಿ ಅಂದ್ರೆ ಮಾತ್ರ ಎಲ್ಲರೂ ಫೋನ್ ತಡಕಾಡ್ತಾರೆ. ಆಗ ಬಿಲ್‌ಗಳ ಫೋಟೊ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡಿದ್ದವು. ಆಮೇಲೆ ಕೆಲವರು ಫೋನ್ ಬದಲಾಯಿಸಿದರು, ಕೆಲವರು ಮನೆ ಖಾಲಿ ಮಾಡಿದರು. ಉತ್ಸಾಹಿಯೊಬ್ಬರು ಮಾಡಿದ್ದ ಗೂಗಲ್ ಶೀಟ್ ತೆರೆದರೆ ಈಗ 'ಅನುಮತಿ ಬೇಕು' ಅನ್ನುತ್ತೆ.

ಮುಂದಿನ ಬರಗಾಲದಲ್ಲಿ ಈ ಪ್ರಶ್ನೆ ಹಿಡಿದು ಕಚೇರಿಗೆ ಹೋದರೆ ನಮ್ಮ ಕೈಲಿರೋದು ನೆನಪು ಮಾತ್ರ. ನೆನಪಿಗೆ ಯಾವ ಕಚೇರಿಯೂ ಇನ್‌ವರ್ಡ್ ನಂಬರ್ ಹಾಕಿ ಕೊಡೋದಿಲ್ಲ.

ಹಾಗಾಗಿ, ಅಂಕಿಅಂಶವನ್ನು ಜೋಡಿಸಿ, ಉಳಿಸಿ, ಹಂಚಿಕೊಳ್ಳುವ ವೇದಿಕೆಗಳ ಬಗ್ಗೆ ಹೋರಾಟ ಮಾಡುವವರೂ ತಿಳಿದುಕೊಳ್ಳಬೇಕು ಅಂತ ನನ್ನ ವಾದ. ಇದನ್ನು ಸಂಶೋಧಕರ ತಲೆನೋವು ಅಂತ ಬಿಟ್ಟಿದ್ದೇವೆ. ಜಿನೀವಾದ ಸರ್ನ್ ಸಂಸ್ಥೆ 2013ರಿಂದ ನಡೆಸುತ್ತಿರುವ ಝೆನೋಡೊ ಇದೆ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಹಾರ್ವರ್ಡ್ ರೂಪಿಸಿದ ಡೇಟಾವರ್ಸ್ ಇದೆ. ನಮ್ಮ ಊರಿನದ್ದೇ ಬೇಕು ಅಂದ್ರೆ, ಊರ್ವಾಣಿ ಫೌಂಡೇಶನ್ ನಡೆಸುವ ಓಪನ್‌ಸಿಟಿಯಲ್ಲಿ ಬೆಂಗಳೂರಿನ ಬಜೆಟ್, ವಾರ್ಡ್ ನಕ್ಷೆ, ಕೆರೆಗಳ ದಾಖಲೆ ಸಿಗುತ್ತವೆ. 2011ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಡೇಟಾಮೀಟ್ ಬಳಗದ ಸ್ವಯಂಸೇವಕರು ಹಲವು ನಗರಗಳ ವಾರ್ಡ್ ಗಡಿಗಳನ್ನು ಡಿಜಿಟಲ್ ರೂಪಕ್ಕೆ ತಂದು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ.

ಗೂಗಲ್ ಡ್ರೈವ್‌ಗೂ ಇದಕ್ಕೂ ಏನು ವ್ಯತ್ಯಾಸ? ಡ್ರೈವ್ ಲಿಂಕ್ ಒಬ್ಬರ ಖಾತೆಗೆ ಅಂಟಿಕೊಂಡಿರುತ್ತೆ. ಅವರು ಅಳಿಸಿದರೆ ಮುಗೀತು. ಝೆನೋಡೊದಂಥ ಕಡೆ ಹಾಕಿದ ಪ್ರತಿ ದತ್ತಾಂಶಕ್ಕೂ ಡಿಒಐ ಅನ್ನೋ ಶಾಶ್ವತ ಸಂಖ್ಯೆ ಸಿಗುತ್ತೆ. ವೆಬ್‌ಸೈಟಿನ ವಿಳಾಸ ಬದಲಾದರೂ ಆ ಸಂಖ್ಯೆ ಹಿಡಿದು ಹೋದರೆ ಫೈಲ್ ಸಿಗಬೇಕು, ಅದೇ ಅದರ ಕೆಲಸ. ಹೊಸ ಬಿಲ್‌ಗಳನ್ನು ಸೇರಿಸಿದರೆ ಎರಡನೇ ಆವೃತ್ತಿ ಆಗುತ್ತೆ. ಮೊದಲನೆಯದು ಇದ್ದ ಹಾಗೇ ಇರುತ್ತೆ. ಹಾಗಾಗಿ 'ಆಮೇಲೆ ತಿದ್ದಿದ್ದೀರಿ' ಅಂತ ಯಾರಾದರೂ ಜಗಳಕ್ಕೆ ಬಂದರೆ ಎರಡನ್ನೂ ಎದುರಿಗಿಟ್ಟು ತೋರಿಸಬಹುದು.

ಆದರೆ ಅಪ್‌ಲೋಡ್ ಮಾಡಿದ ಮಾತ್ರಕ್ಕೆ ಡೇಟಾ ಉಳಿಯೋದಿಲ್ಲ. 'ಫೈನಲ್-2-ಹೊಸದು' ಅನ್ನೋ ಹೆಸರಿನ ಎಕ್ಸೆಲ್ ಫೈಲ್ ಐದು ವರ್ಷದ ನಂತರ ಮಾಡಿದವರಿಗೇ ಅರ್ಥವಾಗಲ್ಲ. ಜೊತೆಗೊಂದು ವಿವರಣೆಯ ಪುಟ ಬೇಕು: ಯಾರು, ಯಾವ ದಿನಗಳಲ್ಲಿ, ಹೇಗೆ ಸಂಗ್ರಹಿಸಿದ್ದು, 'ದರ' ಅನ್ನೋ ಕಾಲಂನಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ, ಖಾಲಿ ಬಿಟ್ಟಿದ್ದರೆ ಬಿಲ್ ಸಿಗಲಿಲ್ಲ ಅಂತಲೋ ನೀರೇ ಬರಲಿಲ್ಲ ಅಂತಲೋ. ಇದಕ್ಕೇ ಮೆಟಾಡೇಟಾ ಅನ್ನೋದು, ಡೇಟಾ ಬಗೆಗಿನ ಡೇಟಾ. ಮೂಲ ಫೈಲನ್ನು ಮುಟ್ಟದೆ ಬೇರೆ ಇಡಬೇಕು, ಲೆಕ್ಕ ಹಾಕೋದು ಪ್ರತಿಯ ಮೇಲೆ. ಎಕ್ಸೆಲ್ ಬದಲು ಸರಳ ಸಿಎಸ್‌ವಿ ಇದ್ದರೆ ಯಾವ ಸಾಫ್ಟ್‌ವೇರ್‌ನಲ್ಲೂ ತೆರೆಯುತ್ತೆ.

ಕನ್ನಡದವರಿಗೆ ಇನ್ನೊಂದು ರಗಳೆ ಇದೆ. ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಸರ್ಕಾರಿ ಪಟ್ಟಿಗಳು ಬೇರೆ ಕಂಪ್ಯೂಟರ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಅವನ್ನು ಯೂನಿಕೋಡ್‌ಗೆ ತರದಿದ್ದರೆ ಹುಡುಕಿದರೂ ಏನೂ ಸಿಗಲ್ಲ. ನಮ್ಮ ಬಡಾವಣೆಯ ಹೆಸರನ್ನೇ ಇಂಗ್ಲಿಷಿನಲ್ಲಿ ಒಬ್ಬರು ಎರಡು 'ಓ' ಹಾಕಿ ಬರೀತಾರೆ, ಇನ್ನೊಬ್ಬರು 'ಯು' ಹಾಕ್ತಾರೆ, ಮೂರನೆಯವರು 'ನಗರ'ವನ್ನು ಅಂಟಿಸಿಬಿಡ್ತಾರೆ. ಕಂಪ್ಯೂಟರ್‌ಗೆ ಅವು ಮೂರು ಬೇರೆ ಊರು.

ಇದಕ್ಕಿಂತ ದೊಡ್ಡ ಸಮಸ್ಯೆ ವಾರ್ಡ್ ಸಂಖ್ಯೆಯದ್ದು. 2010 ಮತ್ತು 2015ರ ಬಿಬಿಎಂಪಿ ಚುನಾವಣೆ 198 ವಾರ್ಡ್‌ಗಳಲ್ಲಿ ನಡೆಯಿತು. 2022ರಲ್ಲಿ 243 ಆಯಿತು. 2023ರಲ್ಲಿ 225ಕ್ಕೆ ಇಳಿಯಿತು. ಆ ಎರಡು ನಕ್ಷೆಗಳ ಮೇಲೆ ಒಂದೂ ಚುನಾವಣೆ ನಡೆಯಲಿಲ್ಲ ಅನ್ನೋದು ಬೇರೆ ಕಥೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದವು; ನವೆಂಬರ್‌ನಲ್ಲಿ 369 ವಾರ್ಡ್‌ಗಳ ಅಂತಿಮ ಪಟ್ಟಿ ಬಂತು. ಈಗ ಯಾರಾದರೂ 'ವಾರ್ಡ್ 72ರಲ್ಲಿ ರಸ್ತೆಗೆ ಇಷ್ಟು ಕೋಟಿ' ಅಂದ್ರೆ, ಯಾವ ವರ್ಷದ 72 ಅಂತ ಕೇಳಬೇಕು. 2011ರ ಜನಗಣತಿಯ ವಾರ್ಡ್‌ವಾರು ಅಂಕಿ ಇರೋದು 198ರ ಲೆಕ್ಕದಲ್ಲಿ. ಮುಂದಿನ ಜನಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ಈ ಹದಿನಾರು ವರ್ಷಗಳಲ್ಲಿ ನಗರದ ಪಶ್ಚಿಮ ಅಂಚಿನಲ್ಲಿ ಎಷ್ಟು ಜನ ಬಂದು ನೆಲೆಸಿದರು, ಅವರಿಗೆ ಎಷ್ಟು ಶಾಲೆ, ಎಷ್ಟು ಕಾವೇರಿ ಸಂಪರ್ಕ ಸಿಕ್ಕಿತು ಅಂತ ಹೋಲಿಸಬೇಕಾದರೆ ಹಳೆಯ ಗಡಿಯೂ ಬೇಕು, ಹೊಸ ಗಡಿಯೂ ಬೇಕು. ನಕ್ಷೆಯ ಪಿಡಿಎಫ್ ಚಿತ್ರ ಸಾಲದು, ಕಂಪ್ಯೂಟರ್ ಓದಬಲ್ಲ ಗಡಿರೇಖೆಯ ಫೈಲ್ ಬೇಕು. ಇಲ್ಲವಾದರೆ ಹಳೆಯ ಕಾರ್ಪೊರೇಟರ್ ಕಾಲದ ಕಾಮಗಾರಿಗೆ ಹೊಸಬರನ್ನು ಕೇಳಲಾಗದು, ಹೊಸಬರು ಹೇಳಿದ್ದನ್ನು ಹಳೆಯದರ ಜೊತೆ ತೂಗಲಾಗದು. ಗಡಿ ಬದಲಿಸೋದು ಆಡಳಿತಕ್ಕೆ ಬೇಕಾಗಿರಬಹುದು. ಲೆಕ್ಕ ಕೊಡಬೇಕಾದವರಿಗಂತೂ ಅದು ಅನುಕೂಲ.

ನಮ್ಮ ಬಡಾವಣೆಗೆ ಹತ್ತಿರದ ನಾಗರಬಾವಿಯಲ್ಲಿ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಐಸೆಕ್ ಇದೆ. ಅಲ್ಲಿಗೆ ಬರುವ ಸಂಶೋಧಕರಿಗೆ ನಮ್ಮ ಬೀದಿಯ ಟ್ಯಾಂಕರ್ ಬಿಲ್‌ಗಳು ದೊಡ್ಡ ಆಕರವಾಗಬಲ್ಲವು, ಅವು ಹುಡುಕಿದರೆ ಸಿಗುವ ಹಾಗಿದ್ದರೆ.

ಎಲ್ಲವನ್ನೂ ತೆರೆದಿಡಿ ಅಂತ ನಾನು ಹೇಳ್ತಿಲ್ಲ. ಬಿಲ್‌ನಲ್ಲಿರುವ ಫೋನ್ ನಂಬರ್, ಮನೆ ಸಂಖ್ಯೆ ತೆಗೆಯಲೇಬೇಕು. ಇದು ಎಷ್ಟು ಸೂಕ್ಷ್ಮ ಅನ್ನೋದಕ್ಕೆ ಜಾತಿ ಸಮೀಕ್ಷೆಗಿಂತ ಬೇರೆ ಉದಾಹರಣೆ ಬೇಡ. 2015ರಲ್ಲಿ ಕಾಂತರಾಜ ಆಯೋಗ ಮನೆಮನೆಗೆ ಹೋಯಿತು. ವರದಿಯನ್ನು ಜಯಪ್ರಕಾಶ್ ಹೆಗ್ಡೆ ಸರ್ಕಾರಕ್ಕೆ ಕೊಟ್ಟಿದ್ದು 2024ರ ಫೆಬ್ರವರಿ 29ರಂದು. ಒಂದು ಕಡೆಯವರು ಅವೈಜ್ಞಾನಿಕ ಅಂದರು, ಇನ್ನೊಂದು ಕಡೆಯವರು ವೈಜ್ಞಾನಿಕ ಅಂದರು. ಮೂಲ ದತ್ತಾಂಶ ಹೊರಗಿನವರ ಕೈಗೆ ಸಿಗದೆ ಇಬ್ಬರ ಮಾತನ್ನೂ ಪರೀಕ್ಷಿಸೋಕೆ ದಾರಿ ಇರಲಿಲ್ಲ. 2025ರ ಜೂನ್‌ನಲ್ಲಿ ಸಂಪುಟ ಮರುಸಮೀಕ್ಷೆ ಅಂತ ತೀರ್ಮಾನಿಸಿತು, ಸೆಪ್ಟೆಂಬರ್ 22ಕ್ಕೆ ಅದು ಶುರುವಾಯಿತು. ಮೂರೇ ದಿನಕ್ಕೆ ಹೈಕೋರ್ಟ್ ಮಧ್ಯಂತರ ಆದೇಶ ಬಂತು: ಮಾಹಿತಿ ಕೊಡೋದು ಜನರ ಇಚ್ಛೆ, ಕೊಟ್ಟಿದ್ದನ್ನು ಗೋಪ್ಯವಾಗಿಡಬೇಕು.

ಗೋಪ್ಯತೆ ಸರಿಯೇ. ಆದರೆ ಹೆಸರು, ವಿಳಾಸ ತೆಗೆದು ಮನೆಮಟ್ಟದ ದತ್ತಾಂಶ ಕೊಡೋ ಕ್ರಮ ಈ ದೇಶದಲ್ಲಿ ಮೊದಲಿಂದ ಇದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಫೈಲ್‌ಗಳು ಹಾಗೇ ಸಿಗುತ್ತವೆ, ಸರ್ಕಾರವನ್ನು ಟೀಕಿಸುವ ಅರ್ಥಶಾಸ್ತ್ರಜ್ಞರೂ ಅವನ್ನೇ ಬಳಸ್ತಾರೆ. ಜಾತಿಯ ವಿಷಯದಲ್ಲಿ ಹೆಸರು ತೆಗೆದರೂ ಸಾಕಾಗಲ್ಲ ಅನ್ನೋದು ನಿಜ. ಒಂದು ಊರಿನಲ್ಲಿ ಒಂದು ಸಣ್ಣ ಸಮುದಾಯದ ಎರಡೇ ಮನೆ ಇದ್ದರೆ ಯಾರು ಅಂತ ಊರಿಗೆಲ್ಲ ಗೊತ್ತಾಗುತ್ತೆ. ಅಂಥ ಕಡೆ ಊರಿನ ಬದಲು ತಾಲ್ಲೂಕು ಮಟ್ಟಕ್ಕೆ ಕೂಡಿಸಬೇಕು, ಕೆಲವನ್ನು ನೋಂದಾಯಿತ ಸಂಶೋಧಕರಿಗೆ ಮಾತ್ರ ತೋರಿಸಬೇಕು. ದತ್ತಾಂಶ ವೇದಿಕೆಗಳಲ್ಲಿ ಈ ಅವಕಾಶ ಇದೆ: ವಿವರಣೆಯ ಪುಟ ಎಲ್ಲರಿಗೂ ಕಾಣುತ್ತೆ, ಫೈಲ್‌ಗೆ ಮಾತ್ರ ಬೀಗ.

ಆ ವಿವರಣೆಯ ಪುಟವನ್ನಂತೂ ಇವತ್ತೇ ಕೇಳಬಹುದು. ಪ್ರತಿ ತಾಲ್ಲೂಕಿನಲ್ಲಿ ಎಷ್ಟು ಮನೆ ತಪ್ಪಿಹೋದವು, ಯಾವ ಉಪಜಾತಿಯನ್ನು ಯಾವುದರ ಕೆಳಗೆ ಸೇರಿಸಿದರು, ಎರಡು ಸಲ ದಾಖಲಾದವರನ್ನು ಹೇಗೆ ತೆಗೆದರು ಅನ್ನೋ ಮೂರು ವಿವರ ಸಾಕು. ಅದರಲ್ಲಿ ಯಾರ ಹೆಸರೂ ಇರೋದಿಲ್ಲ.