ಪಿಯಾನೊ ಪಕ್ಕ ನಿಂತು ಹಾಡಿದ ಸ್ಟಾಕ್‌ಹೌಸನ್

ಒಪೆರಾ ಗಾಯಕನಿಗೆ ಆಸರೆಗಳು ಬೇಕಾದಷ್ಟಿವೆ. ವೇಷಭೂಷಣ, ರಂಗಸಜ್ಜಿಕೆ, ಬೆಳಕು, ಎದುರು ನಿಂತು ಉತ್ತರ ಕೊಡುವ ಪಾತ್ರಗಳು, ಮುಂದೆ ತಗ್ಗಿನಲ್ಲಿ ಕುಳಿತ ದೊಡ್ಡ ವಾದ್ಯವೃಂದ. ಒಂದು ಸ್ವರ ಬಿರುಸಾಗಿ ಬಿದ್ದರೂ ಕಥೆಯ ಓಟದಲ್ಲಿ ಅದು ಮುಚ್ಚಿಹೋಗುತ್ತದೆ. ಲೀಡ್ ಹಾಡುವವನ ಪಾಡು ಬೇರೆ. ಕವಿಯೊಬ್ಬ ಬರೆದ ಪದ್ಯ, ಅದಕ್ಕೆ ಸಂಗೀತಗಾರ ಕೊಟ್ಟ ಸ್ವರ, ಒಂದು ಪಿಯಾನೊ, ಅದರ ಪಕ್ಕದಲ್ಲಿ ನಿಂತ ಒಬ್ಬ ಮನುಷ್ಯ: ಜರ್ಮನಿಯ ಈ ಗೀತಪ್ರಕಾರದಲ್ಲಿ ಇರುವುದು ಇಷ್ಟೇ. ನಮ್ಮ ಭಾವಗೀತೆಯ ಬಳಗದ್ದು ಎಂದರೆ ಅದರ ಸ್ವಭಾವ ಥಟ್ಟನೆ ಹಿಡಿಯಬಹುದು. ಗಾಯಕ ಕೈ ಬೀಸುವಂತಿಲ್ಲ, ಓಡಾಡುವಂತಿಲ್ಲ. ಮೂರು ನಿಮಿಷದ ಹಾಡಿನಲ್ಲಿ ಊರು, ಹೊಳೆ, ಹುಡುಗಿ, ಮುನಿಸು, ಸಾವು ಎಲ್ಲವನ್ನೂ ದನಿಯೊಂದೇ ತೋರಿಸಬೇಕು.

ಮನೆಯ ಹಜಾರದಲ್ಲಿ ಸ್ನೇಹಿತರು ಸೇರಿ ಹಾಡಿಕೊಳ್ಳುತ್ತಿದ್ದ ಈ ಹಾಡನ್ನು ತುಂಬಿದ ಸಭಾಂಗಣದ ಮುಂದೆ ತಂದು ನಿಲ್ಲಿಸಿದವರಲ್ಲಿ ಯೂಲಿಯಸ್ ಸ್ಟಾಕ್‌ಹೌಸನ್ ಅವರದು ಮೊದಲ ಸಾಲಿನ ಹೆಸರು. ಹಾಡಿದ್ದಷ್ಟೇ ಅಲ್ಲ, ಹಾಡುವುದು ಹೇಗೆಂದು ಮೂರು ದಶಕಕ್ಕೂ ಮೀರಿ ಕಲಿಸಿದರು.

ಅವರು ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, 1826ರ ಜುಲೈ 22ರಂದು. ತಂದೆ ಫ್ರಾಂಟ್ಸ್ ಹಾರ್ಪ್ ವಾದಕರು, ಕಲೋನ್ ಕಡೆಯವರು. ತಾಯಿ ಮಾರ್ಗರೇಟೆ ಆಲ್ಸಾಸ್ ಸೀಮೆಯ ಗೆಬ್ವೈಲರ್ ಊರಿನವರು, ಇಂಗ್ಲೆಂಡಿನಲ್ಲಿ ಬಲು ಬೇಡಿಕೆಯಿದ್ದ ಗಾಯಕಿ. ಮಗು ಬೆಳೆದದ್ದು ಆಲ್ಸಾಸ್‌ನಲ್ಲಿ, ಫ್ರೆಂಚೂ ಜರ್ಮನ್ನೂ ಒಟ್ಟೊಟ್ಟಿಗೆ ಕಿವಿಗೆ ಬೀಳುವ ಗಡಿಸೀಮೆಯಲ್ಲಿ. ಒಂದೇ ಭಾಷೆಯಲ್ಲಿ ಬೆಳೆದವನಿಗೆ ತನ್ನ ಸ್ವರಾಕ್ಷರಗಳು ಗಾಳಿಯಷ್ಟೇ ಸಹಜ, ಅವು ಕಿವಿಗೆ ಬೇರೆಯಾಗಿ ಕೇಳಿಸುವುದೇ ಇಲ್ಲ. ಎರಡು ಭಾಷೆಗಳ ನಡುವೆ ಬೆಳೆದವನಿಗೆ ಇಲ್ಲಿಯ ‘ಎ’ ಬೇರೆ, ಅಲ್ಲಿಯ ‘ಎ’ ಬೇರೆ ಎಂಬುದು ಎಳವೆಯಲ್ಲೇ ತಿಳಿಯುತ್ತದೆ. ಸ್ಟಾಕ್‌ಹೌಸನ್ ಮುಂದೆ ಸ್ವರಾಕ್ಷರಗಳ ಬಗ್ಗೆ ತೋರಿದ ಹಟಮಾರಿ ಎಚ್ಚರದ ಬೇರು ಇಲ್ಲೇ ಇರಬೇಕು ಎಂದು ನನಗನ್ನಿಸುತ್ತದೆ.

ಪ್ಯಾರಿಸ್ಸಿನ ಸಂಗೀತಶಾಲೆಯಲ್ಲಿ ಓದಿದ ಮೇಲೆ ಅವರಿಗೆ ಸಿಕ್ಕ ಗುರು ಮಾನುಯೆಲ್ ಗಾರ್ಸಿಯಾ. ಗಾರ್ಸಿಯಾ ಲಂಡನ್ನಿಗೆ ಹೋದಾಗ ಶಿಷ್ಯನೂ ಬೆನ್ನುಹತ್ತಿ ಹೋದರು. ಈ ಗಾರ್ಸಿಯಾ ಅಪರೂಪದ ಮನುಷ್ಯ. ಹಾಡುವಾಗ ಗಂಟಲೊಳಗೆ ಏನಾಗುತ್ತದೆ ಎಂಬುದು ಆಗ ಯಾರೂ ಕಣ್ಣಾರೆ ನೋಡದ ಗುಟ್ಟು. 1854ರಲ್ಲಿ ಅವರು ಉದ್ದ ಹಿಡಿಯ ಪುಟ್ಟ ಹಲ್ಲುವೈದ್ಯರ ಕನ್ನಡಿಯನ್ನು ಬಿಸಿಮಾಡಿ, ಉಸಿರಿನ ಹಬೆ ಕೂರದಂತೆ ನೋಡಿಕೊಂಡು, ತಮ್ಮದೇ ಗಂಟಲಿನ ಹಿಂಬದಿಗೆ ಇಟ್ಟುಕೊಂಡರು. ಇನ್ನೊಂದು ಕೈಯ ಕನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಹಾಯಿಸಿದರು. ಧ್ವನಿತಂತುಗಳು ತೆರೆದು ಮುಚ್ಚುವುದು ಕಂಡಿತು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಅದರ ವರದಿ ಹೋಯಿತು. ಇವತ್ತಿಗೂ ಕಿವಿ, ಮೂಗು, ಗಂಟಲಿನ ವೈದ್ಯರು ಆ ದಿನವನ್ನು ತಮ್ಮ ವಿದ್ಯೆಯ ಆರಂಭಗಳಲ್ಲಿ ಒಂದೆಂದು ನೆನೆಯುತ್ತಾರೆ, ಅದನ್ನು ಮಾಡಿದವರು ಹಾಡಿನ ಮೇಷ್ಟ್ರು.

ಅಂಥವರ ಬಳಿ ಕಲಿಯುವುದೆಂದರೆ ಮೊದಲು ಹಾಡನ್ನು ಮರೆಯುವುದು. ಸ್ವರವನ್ನು ಎಳೆದು ನಿಲ್ಲಿಸುವುದು, ಸ್ವರದಿಂದ ಸ್ವರಕ್ಕೆ ಬಿರುಕಿಲ್ಲದೆ ಜಾರುವುದು, ಆರೋಹಣ ಅವರೋಹಣಗಳನ್ನು ನಿಧಾನದಿಂದ ವೇಗಕ್ಕೆ ಒಯ್ಯುವುದು, ಇವೇ ದಿನನಿತ್ಯದ ಸಾಧಕ. ಇವುಗಳಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ನೋಡುವುದಕ್ಕೆ ಎಲ್ಲಕ್ಕಿಂತ ಸರಳ. ಇಟಲಿಯವರು ಅದನ್ನು ‘ಮೆಸ್ಸಾ ಡಿ ವೋಚೆ’ ಎನ್ನುತ್ತಾರೆ. ಒಂದೇ ಸ್ವರವನ್ನು ಕೇಳಿಯೂ ಕೇಳದಷ್ಟು ಮೆಲ್ಲಗೆ ಎತ್ತಿಕೊಳ್ಳಬೇಕು, ನಿಧಾನವಾಗಿ ತುಂಬುದನಿಗೆ ಬೆಳೆಸಬೇಕು, ಅಷ್ಟೇ ನಿಧಾನವಾಗಿ ಮತ್ತೆ ಕೇಳದಷ್ಟಕ್ಕೆ ಇಳಿಸಬೇಕು. ಎಲ್ಲವೂ ಒಂದೇ ಉಸಿರಿನಲ್ಲಿ.

ಇದರಲ್ಲಿ ಕಷ್ಟವೇನು? ಸ್ಟಾಕ್‌ಹೌಸನ್ ಅವರಂಥ ಬ್ಯಾರಿಟೋನ್ (ಗಂಡಸರ ನಡುಮಟ್ಟದ ದನಿಯ) ಗಾಯಕ ತನ್ನ ನಡುದನಿಯ ಒಂದು ಸ್ವರ ಹಿಡಿದಾಗ, ಈಗಿನ ಶ್ರುತಿಯ ಲೆಕ್ಕದಲ್ಲಿ ಅವನ ಧ್ವನಿತಂತುಗಳು ಸೆಕೆಂಡಿಗೆ 220 ಸಲ ತೆರೆದು ಮುಚ್ಚುತ್ತಿರಬಹುದು. ದನಿ ದೊಡ್ಡದಾಗಬೇಕಾದರೆ ಉಸಿರಿನ ಒತ್ತಡ ಹೆಚ್ಚಬೇಕು. ಒತ್ತಡ ಹೆಚ್ಚಿದರೆ ತಂತುಗಳು ಇನ್ನಷ್ಟು ಬೇಗ ಅದುರಲು ತವಕಿಸುತ್ತವೆ, ಶ್ರುತಿ ಮೇಲೇರುತ್ತದೆ. ಒತ್ತಡ ಇಳಿದಾಗ ಶ್ರುತಿ ಕುಸಿಯುತ್ತದೆ. ಹಾಗಾಗದಂತೆ ಗಂಟಲಿನ ಸಣ್ಣ ಸ್ನಾಯುಗಳು ಕ್ಷಣಕ್ಷಣಕ್ಕೂ ಬಿಗಿತವನ್ನು ಸರಿದೂಗಿಸುತ್ತಿರಬೇಕು. ಅವುಗಳಿಗೆ ಹೀಗೆ ಮಾಡಿ ಎಂದು ಅಪ್ಪಣೆ ಕೊಡುವ ದಾರಿ ಇಲ್ಲ. ಅವು ಎಲ್ಲಿವೆ ಎಂಬುದೇ ಹಾಡುವವನಿಗೆ ಗೊತ್ತಾಗುವುದಿಲ್ಲ. ಕಿವಿ ಕೇಳಬೇಕು, ಉಸಿರು ಒದಗಬೇಕು, ವರ್ಷಗಟ್ಟಲೆ ತಿದ್ದಿದ ಮೇಲೆ ಗಂಟಲು ತಾನಾಗಿ ಕಲಿತುಕೊಳ್ಳಬೇಕು. ಇಳಿಸುವ ಅರ್ಧವಂತೂ ಏರಿಸುವ ಅರ್ಧಕ್ಕಿಂತ ಬಹಳ ಕಠಿಣ. ಉಸಿರು ತೀರುತ್ತ ಬಂದಿರುವ ಹೊತ್ತಿನಲ್ಲೇ ಅತಿ ಹೆಚ್ಚಿನ ಹಿಡಿತ ಬೇಕಾಗುತ್ತದೆ. ಈ ಒಂದು ಸಾಧನೆ ಕೈವಶವಾದವನಿಗೆ ಶೂಬರ್ಟ್‌ನ ಹಾಡಿನಲ್ಲಿ ಒಂದು ಪದವನ್ನು ಹಾಗೇ ಹಗುರಾಗಿ ಮುಗಿಸುವುದು ಸಾಧ್ಯ. ಇಲ್ಲದವನ ಪದ ಕಡಿದುಬೀಳುತ್ತದೆ.

ಗಾರ್ಸಿಯಾ ಕಲಿಸಿದ್ದು ಇಟಲಿಯ ಹಾಡುಗಾರಿಕೆ. ಇಟಾಲಿಯನ್ ಪದಗಳು ಹೆಚ್ಚಾಗಿ ಸ್ವರಾಕ್ಷರದಲ್ಲೇ ಮುಗಿಯುತ್ತವೆ. ಈ ವಿಷಯದಲ್ಲಿ ಕನ್ನಡವೂ ಹಾಗೆಯೇ, ನಮ್ಮ ಪದಗಳ ತುದಿಯಲ್ಲಿ ದನಿ ನಿಲ್ಲಲು ಜಾಗ ಇರುತ್ತದೆ. ಜರ್ಮನ್ ಹಾಗಲ್ಲ. ಶರತ್ಕಾಲಕ್ಕೆ ಅವರು ‘ಹೆರ್ಬ್ಸ್ಟ್’ ಎನ್ನುತ್ತಾರೆ: ಒಂದೇ ಒಂದು ಸ್ವರಾಕ್ಷರ, ಅದರ ಬೆನ್ನಿಗೆ ನಾಲ್ಕು ವ್ಯಂಜನಗಳ ಗುಂಪು. ಸಂಗೀತ ಹರಿಯುವುದು ಸ್ವರಾಕ್ಷರದ ಮೇಲೆ, ಅರ್ಥ ಮೂಡುವುದು ವ್ಯಂಜನದಿಂದ. ವ್ಯಂಜನವನ್ನು ಒತ್ತಿದರೆ ರಾಗದ ಎಳೆ ಹರಿಯುತ್ತದೆ, ಸಡಿಲ ಬಿಟ್ಟರೆ ಕವಿತೆ ಕೇಳಿಸುವುದಿಲ್ಲ. ಇಟಲಿಯ ಎಳೆಯನ್ನೂ ಜರ್ಮನ್ ಕವಿತೆಯನ್ನೂ ಒಂದೇ ಬಾಯಲ್ಲಿ ಕೂಡಿಸಿದ್ದು ಸ್ಟಾಕ್‌ಹೌಸನ್ ಅವರ ದೊಡ್ಡ ಕೆಲಸ, ನಾನು ಅವರನ್ನು ಮೆಚ್ಚುವುದು ಮುಖ್ಯವಾಗಿ ಇದಕ್ಕೇ. ಈ ಕಸುಬಿನ ಒಳಗುಟ್ಟು ಕೂದಲೆಳೆಯಷ್ಟು ಸಣ್ಣದು. ಪದದ ಮೊದಲ ವ್ಯಂಜನವನ್ನು ತಾಳ ಬೀಳುವುದಕ್ಕೆ ಒಂದಿಷ್ಟು ಮುಂಚೆಯೇ ಉಚ್ಚರಿಸಿ ಮುಗಿಸಬೇಕು, ತಾಳದ ಮೇಲೆ ಸರಿಯಾಗಿ ಸ್ವರಾಕ್ಷರವೇ ಬಂದು ಕೂರಬೇಕು. ಕೊನೆಯ ವ್ಯಂಜನಗಳನ್ನು ಸ್ವರದ ಅವಧಿಯ ಕಟ್ಟಕಡೆಗೆ ತಳ್ಳಿ, ಚುರುಕಾಗಿ ಹೇಳಿ ಬಿಡಬೇಕು. ಆಗ ಸಭಾಂಗಣದ ಕಡೆಯ ಸಾಲಿನಲ್ಲಿ ಕುಳಿತವರಿಗೂ ಪದ ಸ್ಪಷ್ಟ, ರಾಗ ಅಖಂಡ.

1848ರಲ್ಲಿ ಬಾಸೆಲ್ ನಗರದಲ್ಲಿ ಮೆಂಡೆಲ್ಸನ್‌ರ ‘ಎಲಿಯಾಸ್’ ಕೃತಿಯ ಮುಖ್ಯ ಪಾತ್ರವನ್ನು ಹಾಡಿ ಗೆದ್ದ ಮೇಲೆ ಅವರು ಗಾಯನವನ್ನೇ ನಚ್ಚಿದರು. ಮಾನ್‌ಹೈಮ್‌ನಲ್ಲೂ ಆಮೇಲೆ ಪ್ಯಾರಿಸ್ಸಿನಲ್ಲೂ ಕೆಲಕಾಲ ಒಪೆರಾ ಹಾಡಿದ್ದುಂಟು. ಅವರ ಮನಸ್ಸು ಇದ್ದದ್ದು ಕಛೇರಿಯ ವೇದಿಕೆಯಲ್ಲಿ.

1856ರ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ ಅವರು ಶೂಬರ್ಟ್‌ನ ‘ಡಿ ಶೋನೆ ಮ್ಯೂಲರಿನ್’ ಮಾಲಿಕೆಯ 20 ಹಾಡುಗಳನ್ನೂ ಒಂದೇ ಕಛೇರಿಯಲ್ಲಿ ಹಾಡಿದರು. ಸಾರ್ವಜನಿಕ ವೇದಿಕೆಯಲ್ಲಿ ಅದು ಇಡಿಯಾಗಿ ಕೇಳಿಸಿದ್ದು ಅದೇ ಮೊದಲು. ಶೂಬರ್ಟ್ ಅದನ್ನು ಬರೆದದ್ದು 1823ರಲ್ಲಿ. ಅವನು ತೀರಿಕೊಂಡೇ 27 ವರ್ಷ ಕಳೆದಿದ್ದವು. ಆ ಕಾಲದ ಕಛೇರಿಗಳಲ್ಲಿ ಸಿಂಫನಿಯ ಒಂದು ಭಾಗ, ಒಪೆರಾದ ಒಂದು ಹಾಡು, ಪಿಟೀಲಿನ ಒಂದು ತನಿ, ನಡುವೆ ಎಲ್ಲೋ ಒಂದು ಲೀಡ್, ಹೀಗೆ ಬೆರಕೆ ಊಟವೇ ರೂಢಿ. ಸುಮಾರು ಒಂದು ಗಂಟೆ ಒಬ್ಬನೇ ನಿಂತು, ಒಬ್ಬನೇ ಕವಿಯ ಒಂದೇ ಕಥೆಯನ್ನು ಹಾಡುವುದೆಂದರೆ ಕೇಳುಗರ ತಾಳ್ಮೆಯ ಮೇಲೆ ಭಾರಿ ನಂಬಿಕೆ ಇಡಬೇಕು.

ಕಥೆ ಸಣ್ಣದು. ಗಿರಣಿ ಕೆಲಸದ ಹುಡುಗನೊಬ್ಬ ತೊರೆಯ ಜಾಡು ಹಿಡಿದು ಹೊರಡುತ್ತಾನೆ, ಒಂದು ನೀರಗಿರಣಿಗೆ ಬಂದು ಸೇರುತ್ತಾನೆ, ಯಜಮಾನನ ಮಗಳಿಗೆ ಮನಸೋಲುತ್ತಾನೆ. ಬೇಟೆಗಾರನೊಬ್ಬ ನಡುವೆ ಬರುತ್ತಾನೆ. ಹುಡುಗ ತೊರೆಯ ಪಾಲಾಗುತ್ತಾನೆ. ವಿಲ್ಹೆಲ್ಮ್ ಮ್ಯೂಲರ್ ಬರೆದ ಈ ಪದ್ಯಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಶೂಬರ್ಟ್ ಒಂದೇ ಬಗೆಯಲ್ಲಿ ಕಟ್ಟಿದ್ದಾನೆ. ಎರಡಕ್ಕೂ ಐದೈದು ನುಡಿಗಳು, ಐದಕ್ಕೂ ಅದೇ ಮಟ್ಟು, ಅದೇ ಪಿಯಾನೊ. ಸ್ವರಲಿಪಿಯಲ್ಲಿ ಒಂದು ಚುಕ್ಕೆಯೂ ಬದಲಾಗುವುದಿಲ್ಲ. ಗಾಯಕನ ಕಸುಬು ಪೂರ್ತಿ ಬತ್ತಲಾಗಿ ಕಾಣುವುದು ಇಂಥಲ್ಲಿ.

ಮೊದಲ ಹಾಡಿನಲ್ಲಿ ಹುಡುಗ ಅಲೆದಾಟದ ಹುರುಪನ್ನು ಹೇಳುತ್ತಾನೆ. ಅದನ್ನು ಕಲಿತದ್ದು ನೀರಿನಿಂದ ಎನ್ನುತ್ತಾನೆ, ಆಮೇಲೆ ಗಿರಣಿಯ ಚಕ್ರಗಳಿಂದ, ಆಮೇಲೆ ಭಾರದ ಬೀಸುಕಲ್ಲುಗಳಿಂದ, ಕೊನೆಗೆ ಯಜಮಾನ ದಂಪತಿಯ ಅಪ್ಪಣೆ ಬೇಡುತ್ತಾನೆ. ಬಲ್ಲ ಗಾಯಕ ನೀರಿನ ನುಡಿಯಲ್ಲಿ ಪದಗಳನ್ನು ಒಂದಕ್ಕೊಂದು ಕರಗಿಸುತ್ತಾನೆ. ಕಲ್ಲಿನ ನುಡಿಯಲ್ಲಿ ಅದೇ ಸ್ವರಗಳ ಮೇಲೆ ವ್ಯಂಜನಗಳಿಗೆ ತೂಕ ಕೊಡುತ್ತಾನೆ. ಕೊನೆಯ ನುಡಿಯಲ್ಲಿ ದನಿಯನ್ನು ಒಂದಿಷ್ಟು ತಗ್ಗಿಸಿದರೆ ಸಾಕು, ವಿನಯ ಬಂದುಬಿಡುತ್ತದೆ. ವೇಗ ಹೆಚ್ಚುಕಮ್ಮಿ ಮಾಡುವಂತಿಲ್ಲ, ಹಾಗೆ ಮಾಡಿದರೆ ಪಿಯಾನೊದಲ್ಲಿ ತಿರುಗುತ್ತಿರುವ ಗಿರಣಿ ಮುಗ್ಗರಿಸುತ್ತದೆ.

ಕೊನೆಯದು ಜೋಗುಳ, ಸತ್ತ ಹುಡುಗನಿಗೆ ತೊರೆಯೇ ಹಾಡುವಂಥದ್ದು. ಇಲ್ಲಿ ಹಿಂದಿನ ಉಪಾಯ ನಡೆಯುವುದಿಲ್ಲ. ನುಡಿಗೊಂದು ಬಣ್ಣ ಹಚ್ಚುತ್ತ ಹೋದರೆ ಜೋಗುಳ ಕೆಡುತ್ತದೆ, ಏನೂ ಮಾಡದಿದ್ದರೆ ಐದು ನುಡಿ ಬೇಸರ ತರಿಸುತ್ತದೆ. ನಾಲ್ಕನೆಯ ನುಡಿಯಲ್ಲಿ ತೊರೆ ಆ ಹುಡುಗಿಯನ್ನು ಕಾಲುಸೇತುವೆಯಿಂದ ಆಚೆ ಹೋಗೆಂದು ಗದರಿಸುತ್ತದೆ. ಅಲ್ಲಿ ಕೂಡ ತೂಗುವ ಲಯ ಕದಲಬಾರದು. ಸಿಟ್ಟು ಮಾತಿನ ಅಂಚಿನಲ್ಲಷ್ಟೇ ತೋರಬೇಕು. ಒಂದು ಗಂಟೆ ಹಾಡಿ ದಣಿದ ಗಂಟಲಿನಿಂದ ಇಷ್ಟು ಮೆಲ್ಲಗೆ, ಇಷ್ಟು ಹೊತ್ತು ಹಾಡಬೇಕೆಂದರೆ ಆ ಮೆಸ್ಸಾ ಡಿ ವೋಚೆಯ ದಿನಗಳು ಬೆಂಬಲಕ್ಕೆ ಬೇಕೇಬೇಕು.

ಬ್ರಾಮ್ಸ್ ಅವರೊಂದಿಗಿನ ಸ್ನೇಹ ಈ ಬದುಕಿನ ಇನ್ನೊಂದು ಸಿರಿ. 1861ರ ಏಪ್ರಿಲ್‌ನಲ್ಲಿ ಹ್ಯಾಂಬರ್ಗಿನಲ್ಲಿ ಬ್ರಾಮ್ಸ್ ಪಿಯಾನೊ ನುಡಿಸಲು, ಸ್ಟಾಕ್‌ಹೌಸನ್ ಶೂಬರ್ಟ್‌ನ ಮಾಲಿಕೆಯನ್ನೂ ಶೂಮನ್‌ನ ‘ಡಿಖ್ಟರ್‌ಲೀಬೆ’ಯನ್ನೂ ಹಾಡಿದರು. ಮರುವರ್ಷದ ಕೊನೆಗೆ ಸ್ನೇಹಕ್ಕೆ ಪರೀಕ್ಷೆ ಬಂತು. ಹ್ಯಾಂಬರ್ಗಿನ ಫಿಲ್‌ಹಾರ್ಮೋನಿಕ್ ಕಛೇರಿಗಳ ನಿರ್ದೇಶಕನ ಹುದ್ದೆಯನ್ನು ಆ ಊರಿನಲ್ಲೇ ಹುಟ್ಟಿದ ಬ್ರಾಮ್ಸ್ ಆಸೆಪಟ್ಟಿದ್ದರು. ಆಯ್ಕೆಯಾದದ್ದು ಸ್ಟಾಕ್‌ಹೌಸನ್. ಬ್ರಾಮ್ಸ್‌ಗೆ ಅದು ಆಳವಾಗಿ ನಾಟಿತು. ಆದರೂ 15 ಹಾಡುಗಳ ‘ಮಾಗೆಲೋನೆ’ ಮಾಲಿಕೆಯನ್ನು ಅವರು ಅರ್ಪಿಸಿದ್ದು ಸ್ಟಾಕ್‌ಹೌಸನ್‌ಗೇ. 1868ರ ಏಪ್ರಿಲ್ 10, ಶುಭ ಶುಕ್ರವಾರ, ಬ್ರೆಮೆನ್ ಇಗರ್ಜಿಯಲ್ಲಿ ಬ್ರಾಮ್ಸ್ ಅವರ ‘ಜರ್ಮನ್ ರೆಕ್ವಿಯಮ್’ ಮೊದಲ ಸಲ ದೊಡ್ಡ ರೂಪದಲ್ಲಿ ಕೇಳಿಬಂದಾಗ ಬ್ಯಾರಿಟೋನ್ ಭಾಗ ಹಾಡಿದವರೂ ಸ್ಟಾಕ್‌ಹೌಸನ್ ಅವರೇ. ಅದರ ಮೂರನೆಯ ಭಾಗದಲ್ಲಿ ಒಂಟಿ ದನಿ ತನ್ನ ಬಾಳಿನ ಅಳತೆಯನ್ನು ತಿಳಿಸೆಂದು ದೇವರನ್ನು ಕೇಳುತ್ತದೆ, ಮೇಳ ಅದೇ ಮಾತನ್ನು ಹಿಂದೆ ಹೇಳುತ್ತದೆ. ಇಲ್ಲಿ ದನಿಯ ಬಲಕ್ಕಿಂತ ಮಾತಿನ ನೇರವೇ ಮುಖ್ಯ. ಲೀಡ್ ಹಾಡಿ ಪಳಗಿದ ಬಾಯಿಗೆ ಹೇಳಿಮಾಡಿಸಿದ ಜಾಗ.

1870ರ ದಶಕದಲ್ಲಿ ನಾಲ್ಕು ವರ್ಷ ಬರ್ಲಿನ್ನಿನ ಸ್ಟರ್ನ್ ಗಾಯನ ಸಂಘವನ್ನು ನಡೆಸಿ, 1878ರಲ್ಲಿ ಅವರು ಫ್ರಾಂಕ್‌ಫರ್ಟ್‌ಗೆ ಬಂದರು. ಹೊಸದಾಗಿ ತೆರೆದ ಹೋಖ್ ಸಂಗೀತಶಾಲೆಯಲ್ಲಿ ಪಿಯಾನೊ ಕಲಿಸುತ್ತಿದ್ದವರು ಕ್ಲಾರಾ ಶೂಮನ್, ಹಾಡು ಇವರದು. 1880ರಲ್ಲಿ ತಮ್ಮದೇ ಶಾಲೆ ತೆರೆದರು. 1884ರಲ್ಲಿ ಅವರ ಗಾಯನ ಪದ್ಧತಿಯ ಪುಸ್ತಕ ಲೈಪ್‌ಜಿಗ್‌ನ ಪೀಟರ್ಸ್ ಸಂಸ್ಥೆಯಿಂದ ಹೊರಬಂತು. ಅದರ ಒಂದು ಮುಖ್ಯ ಪಾಠ ಗಂಟಲಗೂಡು ಎಲ್ಲಿ ನಿಲ್ಲಬೇಕು ಎಂಬುದು. ಗಂಡಸರ ಕತ್ತಿನಲ್ಲಿ ಎದ್ದು ಕಾಣುವ ಉಬ್ಬಿನ ಮೇಲೆ ಬೆರಳಿಟ್ಟು ಉಗುಳು ನುಂಗಿದರೆ ಅದು ಮೇಲೇರುವುದು ಗೊತ್ತಾಗುತ್ತದೆ, ಆಕಳಿಸಿದರೆ ಕೆಳಗಿಳಿಯುತ್ತದೆ. ಹಾಡುವಾಗ ಅದು ತುಸು ಕೆಳಗೆ, ಅಲುಗದೆ ಇರಬೇಕೆಂದು ಸ್ಟಾಕ್‌ಹೌಸನ್ ಹೇಳುತ್ತಿದ್ದರು. ಆಗ ಗಂಟಲಿನ ಪೊಳ್ಳು ಉದ್ದವಾಗಿ ದನಿಗೆ ದುಂಡುತನ ಬರುತ್ತದೆ. ಹಾಗೆಂದು ಒತ್ತಿ ಇಳಿಸಿದರೆ ದನಿ ನುಂಗಿದಂತಾಗುತ್ತದೆ, ‘ಇ’ ‘ಎ’ಗಳು ಮಸುಕಾಗುತ್ತವೆ. ಸ್ವರಾಕ್ಷರ ಸ್ವಚ್ಛವಾಗಿಯೂ ಇರಬೇಕು, ಗಂಟಲು ತೆರೆದೂ ಇರಬೇಕು. ಎರಡೂ ಒಟ್ಟಿಗೆ ಒದಗುವ ತನಕ ಶಿಷ್ಯ ಕವಿತೆಯ ತಂಟೆಗೆ ಹೋಗಿ ಫಲವಿಲ್ಲ.

ಧ್ವನಿಮುದ್ರಣ ಬಳಕೆಗೆ ಬರುವ ಹೊತ್ತಿಗೆ ಅವರ ಹಾಡುವ ವಯಸ್ಸು ದಾಟಿತ್ತು. ಅವರ ದನಿಯ ಬಗೆ ತಿಳಿಯಲು ನಮಗಿರುವ ದಾರಿ ಅವರ ಶಿಷ್ಯರದು. ಬ್ರಾಮ್ಸ್ ಬಹಳ ಮೆಚ್ಚಿದ ಹರ್ಮಿನೆ ಷ್ಪೀಸ್, ಡಚ್ ಗಾಯಕ ಯೊಹಾನೆಸ್ ಮೆಸ್ಶಾರ್ಟ್, ಬೈರಾಯ್ಟ್‌ನಲ್ಲಿ ವಾಗ್ನರ್‌ನ ವೋಟಾನ್ ಆಗಿ ಹೆಸರಾದ ಆಂಟನ್ ಫಾನ್ ರೋಯ್, ಲೀಡ್ ಕಛೇರಿಗಳಿಗೇ ಬದುಕು ಮೀಸಲಿಟ್ಟ ರೈಮುಂಡ್ ಫಾನ್ ಟ್ಸೂರ್ ಮ್ಯೂಲೆನ್ ಎಲ್ಲರೂ ಅವರ ಕೈಯಲ್ಲಿ ತಿದ್ದಿಸಿಕೊಂಡವರು. 1906ರ ಜುಲೈ 1ರಂದು ಗಾರ್ಸಿಯಾ 101ನೆಯ ವಯಸ್ಸಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಅದೇ ವರ್ಷದ ಸೆಪ್ಟೆಂಬರ್ 22ರಂದು ಫ್ರಾಂಕ್‌ಫರ್ಟ್‌ನಲ್ಲಿ ಸ್ಟಾಕ್‌ಹೌಸನ್.

ಶಿಷ್ಯರಲ್ಲಿ ಮಾಕ್ಸ್ ಫ್ರೀಡ್‌ಲೆಂಡರ್ ಎಂಬವರು ಹಾಡುವುದರಿಂದ ಹುಡುಕುವುದಕ್ಕೆ ಹೊರಳಿದರು. ಶೂಬರ್ಟ್‌ನ ಕೈಬರಹಗಳನ್ನು ಅರಸಿ, ಮರೆಯಾಗಿದ್ದ ಎಷ್ಟೋ ಹಾಡುಗಳನ್ನು ಹೊರತೆಗೆದು, ಪೀಟರ್ಸ್ ಸಂಸ್ಥೆಗಾಗಿ ಅವನ ಲೀಡ್‌ಗಳ ಸಂಪುಟಗಳನ್ನು ಸಿದ್ಧಮಾಡಿದರು. ಲೀಡ್ ಕಲಿಯುವ ವಿದ್ಯಾರ್ಥಿಗಳು ಆ ಸಂಪುಟಗಳನ್ನು ಇಂದಿಗೂ ಪಿಯಾನೊ ಮೇಲೆ ಬಿಡಿಸಿಡುತ್ತಾರೆ. ಮೊದಲ ಸಂಪುಟ ತೆರೆದರೆ ಮೊದಲು ಸಿಗುವುದು ಗಿರಣಿ ಹುಡುಗನ ಆ 20 ಹಾಡುಗಳೇ.