ಮೇಲಿನ ಕಪಾಟಿನ ಹೊಸಬರು

ಮಾರತ್ತಹಳ್ಳಿಯ ಎಣ್ಣೆ ಅಂಗಡಿಗಳಿಗೆ ಎರಡು ಮುಖ. ಒಂದು ಕಬ್ಬಿಣದ ಸರಳಿನ ಕಿಂಡಿ. ಅಲ್ಲಿ ಹೆಸರು ಹೇಳಿ ದುಡ್ಡು ಚಾಚಿದರೆ ಕ್ವಾರ್ಟರೋ ನೈಂಟಿಯ ಟೆಟ್ರಾ ಪ್ಯಾಕೋ ಕೈಗೆ ಬರುತ್ತದೆ. ಆರಿಸುವ ಮಾತೇ ಇಲ್ಲ. ಇನ್ನೊಂದು ಗಾಜಿನ ಬಾಗಿಲಿನ, ಎ.ಸಿ. ಹಾಕಿದ, ಬುಟ್ಟಿ ಹಿಡಿದು ಒಳಗೆಲ್ಲ ಅಡ್ಡಾಡಬಹುದಾದ ಮಳಿಗೆ. ಶುಕ್ರವಾರ ಸಂಜೆ ಹೊರವರ್ತುಲ ರಸ್ತೆಯ ಕಂಪನಿಗಳು ಬಿಟ್ಟ ಮೇಲೆ ಐಡಿ ಕಾರ್ಡನ್ನು ಜೇಬಿಗೆ ತುರುಕಿಕೊಂಡು ಇಲ್ಲಿಗೆ ಬರುವವರು ತೆಲುಗಿನಲ್ಲಿ, ಹಿಂದಿಯಲ್ಲಿ, ಮಲಯಾಳದಲ್ಲಿ, ಕನ್ನಡದಲ್ಲಿ ಕೇಳುವುದು ಒಂದೇ: ಹೊಸದೇನು ಬಂದಿದೆ?

ಬಂದಿರುವುದು ಬಹಳ. ಒಂದು ಕಾಲಕ್ಕೆ ಮೇಲಿನ ಕಪಾಟೆಂದರೆ ಸ್ಕಾಚ್, ಅದರ ಪಕ್ಕ ಇನ್ನಷ್ಟು ಸ್ಕಾಚ್. ಈಗ ಅದೇ ಕಪಾಟಿನಲ್ಲಿ ಕತ್ತಾಳೆಯಿಂದ ಇಳಿಸಿದ ಮದ್ಯ, ಬೆಲ್ಲದ ರಮ್, ಹಿಮಾಲಯದ ಜುನಿಪರ್ ಹಾಕಿದ ಜಿನ್ ಎಲ್ಲ ನಿಂತಿವೆ. ಬಾಟಲಿಯ ಚಂದಕ್ಕೆ ಮರುಳಾಗದೆ ಲೇಬಲ್ ಓದಬಲ್ಲವನಿಗೆ ಇದು ಒಳ್ಳೆಯ ಕಾಲ.

ಈ ಕಪಾಟಿನ ಬಾಗಿಲು ತೆರೆದದ್ದು ನಮ್ಮ ಊರಿನದೇ ಕಂಪನಿ. ಜೆ.ಎನ್. ರಾಧಾಕೃಷ್ಣ ರಾವ್ ಜಗದಾಳೆಯವರು 1948ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಅಮೃತ್ ಡಿಸ್ಟಿಲರೀಸ್ ದಶಕಗಳ ಕಾಲ ಮಾಡಿದ್ದು ಎಲ್ಲರೂ ಮಾಡುತ್ತಿದ್ದುದನ್ನೇ: ರಮ್ಮು, ಬ್ರಾಂದಿ, ಮಿಲಿಟರಿ ಕ್ಯಾಂಟೀನಿಗೆ ಸರಬರಾಜು. ಎರಡನೆಯ ತಲೆಮಾರಿನ ನೀಲಕಂಠ ಜಗದಾಳೆಯವರಿಗೆ ಬೇರೆ ಹುಚ್ಚು. ಇಂಗ್ಲೆಂಡಿನಲ್ಲಿ ಎಂಬಿಎ ಓದುತ್ತಿದ್ದ ಮಗ ರಕ್ಷಿತ್‌ಗೆ, ಅಲ್ಲಿ ಭಾರತದ ಸಿಂಗಲ್ ಮಾಲ್ಟ್ ಮಾರಿದರೆ ಯಾರಾದರೂ ಕುಡಿದಾರೆಯೇ ನೋಡು ಎಂದರು. 2004ರ ಆಗಸ್ಟ್‌ನಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾದದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಇಲ್ಲಿಯ ಬಾರ್ಲಿಗೆ ಸ್ಕಾಟ್ಲೆಂಡಿನ ಹೊಗೆ ಹಿಡಿದ ಬಾರ್ಲಿ ಬೆರೆಸಿದ 'ಫ್ಯೂಷನ್' ಬಂದಾಗ, ಬ್ರಿಟನ್ನಿನ ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ವಿಸ್ಕಿ ಬೈಬಲ್‌ನಲ್ಲಿ ನೂರಕ್ಕೆ 97 ಅಂಕ ಕೊಟ್ಟು ಜಗತ್ತಿನ ಮೂರನೆಯ ಅತ್ಯುತ್ತಮ ವಿಸ್ಕಿ ಎಂದರು. ಬೆಂಗಳೂರಿಗರಿಗೆ ತಮ್ಮೂರಿನ ಈ ಮಾಲ್ಟ್ ಅಂಗಡಿಯಲ್ಲಿ ಸಿಕ್ಕಿದ್ದೂ 2010ರಲ್ಲೇ. ಊರಿನ ಹುಡುಗನಿಗೆ ಪರದೇಶದಲ್ಲಿ ಸನ್ಮಾನವಾದ ಮೇಲೆಯೇ ಊರಲ್ಲಿ ಹಾರ ಹಾಕುವುದು ನಮ್ಮ ಹಳೆಯ ಪದ್ಧತಿ.

ಮೈಸೂರು ರಸ್ತೆಯ ಕಂಬೀಪುರದಲ್ಲಿರುವ ಅವರ ಕಾರ್ಖಾನೆಯ ಲೆಕ್ಕ ಸ್ವಾರಸ್ಯದ್ದು. ಬಟ್ಟಿ ಇಳಿಸಿದ ಮದ್ಯ ಓಕ್ ಮರದ ಪೀಪಾಯಿಯಲ್ಲಿ ಮಾಗುವಾಗ ಒಂದಷ್ಟು ಆವಿಯಾಗಿ ಹೋಗುತ್ತದೆ. ಅದನ್ನು ದೇವತೆಗಳ ಪಾಲು ಅನ್ನುತ್ತಾರೆ. ತಣ್ಣಗಿನ ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ನೂರಕ್ಕೆ ಎರಡು. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದ, ಒಣಹವೆಯ ಬೆಂಗಳೂರಿನಲ್ಲಿ ಹತ್ತರಿಂದ ಹನ್ನೆರಡು. ಐದಾರು ವರ್ಷ ಇಟ್ಟರೆ ಹತ್ತಿರ ಹತ್ತಿರ ಅರ್ಧ ಪೀಪಾಯಿ ಗಾಳಿಪಾಲು. ಎಂಟು ವರ್ಷ ಕಾಪಾಡಿದ್ದಕ್ಕೆ ಅವರು 'ಗ್ರೀಡಿ ಏಂಜಲ್ಸ್' ಎಂದು, ಅಂದರೆ ದೇವತೆಗಳನ್ನೇ ದುರಾಸೆಯವರೆಂದು, ಹೆಸರಿಟ್ಟದ್ದು ಅದಕ್ಕೇ. ಅದೇ ಬಿಸಿಲು ಮದ್ಯವನ್ನು ಬೇಗ ಮಾಗಿಸುತ್ತದೆ ಕೂಡ. ಹಾಗಾಗಿ ಭಾರತದ ಮಾಲ್ಟ್‌ನ ಮೇಲೆ 'ಹನ್ನೆರಡು ವರ್ಷ' ಎಂದು ಹುಡುಕಬೇಡಿ. ನಾಲ್ಕೈದು ವರ್ಷದ್ದು ಕಡಿಮೆಯದಲ್ಲ. 2012ರಲ್ಲಿ ಲಂಡನ್ನಿನಲ್ಲಿ ಹೊರಬಂದ ಪಾಲ್ ಜಾನ್ ಸಿಂಗಲ್ ಮಾಲ್ಟ್ ಕೂಡ ಬೆಂಗಳೂರಿನ ಕಂಪನಿಯದೇ. ಬಟ್ಟಿ ಇಳಿಸುವುದು ಮಾತ್ರ ಗೋವಾದಲ್ಲಿ.

ಇನ್ನು ಲೇಬಲ್ಲಿನ ವಿಷಯ. ನಮ್ಮಲ್ಲಿ ಅಗ್ಗಕ್ಕೆ ಮಾರುವ 'ವಿಸ್ಕಿ'ಯ ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದಲೋ ಧಾನ್ಯದಿಂದಲೋ ತೆಗೆದ, ಬಣ್ಣ-ರುಚಿಯಿಲ್ಲದ ನ್ಯೂಟ್ರಲ್ ಸ್ಪಿರಿಟ್. ಅದಕ್ಕೆ ಒಂದಿಷ್ಟು ಮಾಲ್ಟ್, ಕ್ಯಾರಮೆಲ್ ಬಣ್ಣ, ಸುವಾಸನೆ ಸೇರುತ್ತವೆ. ಯುರೋಪಿನಲ್ಲಿ ಕಾಕಂಬಿಯದನ್ನು ವಿಸ್ಕಿ ಎಂದು ಮಾರುವಂತೆಯೇ ಇಲ್ಲ; ಅಲ್ಲಿ ಧಾನ್ಯದಿಂದಲೇ ಆಗಬೇಕು, ಮೂರು ವರ್ಷವಾದರೂ ಮರದ ಪೀಪಾಯಿಯಲ್ಲಿರಬೇಕು. ಹೆಸರಿನ ಜಗಳವೂ ಇಲ್ಲಿ ಹಳೆಯದು. ಬೆಂಗಳೂರಿನ ಖೋಡೆ ಕಂಪನಿ 1968ರಲ್ಲಿ ತಂದ 'ಪೀಟರ್ ಸ್ಕಾಟ್' ವಿಸ್ಕಿಯ ಹೆಸರಿನ ಮೇಲೆ ಸ್ಕಾಚ್ ವಿಸ್ಕಿ ತಯಾರಕರ ಸಂಘ ದಾವೆ ಹೂಡಿತ್ತು. 2008ರಲ್ಲಿ ಸುಪ್ರೀಂ ಕೋರ್ಟು ಖೋಡೆಯವರ ಪರ ತೀರ್ಪು ಕೊಟ್ಟಿತು. ಹೆಸರು ಬಂದ ಎಷ್ಟೋ ವರ್ಷಗಳ ಮೇಲೆ ದೂರು ಕೊಟ್ಟದ್ದೂ ಒಂದು ಕಾರಣ.

ರಮ್ಮಿನ ಸಾಲಿನಲ್ಲಿ ನನ್ನ ಕಣ್ಣು ನಿಲ್ಲುವುದು ಅಮೃತ್‌ನವರ 'ಬೆಲ್ಲ'ದ ಮೇಲೆ. ಹೆಸರೇ ಹೇಳುವಂತೆ ಇದು ಬೆಲ್ಲದಿಂದ ಇಳಿಸಿದ್ದು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಗಿಂತ, ಕಬ್ಬಿನ ಹಾಲನ್ನು ಕಾಯಿಸಿ ಮಾಡಿದ ಬೆಲ್ಲದಲ್ಲಿ ಕಬ್ಬಿನ ಗುಣ ಹೆಚ್ಚು ಉಳಿದಿರುತ್ತದೆ. ಆಲೆಮನೆಯ ನಾಡಾದ ನಮಗೆ ಇದು ಇಷ್ಟು ತಡವಾಗಿ ಹೊಳೆದದ್ದೇ ಆಶ್ಚರ್ಯ. ಕೋಲಾ ಸುರಿದು ಹಾಳುಮಾಡಬೇಡಿ.

ಕತ್ತಾಳೆಯದೂ ಇಂಥದೇ ಕಥೆ. ನಮ್ಮ ಹೊಲಗಳ ಬೇಲಿಯಲ್ಲಿ, ರೈಲು ಹಳಿಯ ಪಕ್ಕದಲ್ಲಿ ಬೆಳೆಯುವ, ಹಗ್ಗಕ್ಕೆ ನಾರು ಕೊಡುವ ಗಿಡ ಮೆಕ್ಸಿಕೋದ ಟಕೀಲಾ ಗಿಡದ ದಾಯಾದಿ. ಡೆಸ್ಮಂಡ್ ನಜರೆತ್ ಅವರು ದಖ್ಖನ್ನಿನ ಕತ್ತಾಳೆಯ ಗೆಡ್ಡೆಯನ್ನು ಬೇಯಿಸಿ, ರಸ ಹುದುಗಿಸಿ, ಗಡಿಯಾಚೆಯ ಚಿತ್ತೂರು ಜಿಲ್ಲೆಯಲ್ಲಿ ಬಟ್ಟಿ ಇಳಿಸಿ 'ಡೆಸ್ಮಂಡ್‌ಜಿ' ಎಂದು ಮಾರಿದರು. ಟಕೀಲಾ ಎನ್ನುವ ಹೆಸರು ಮೆಕ್ಸಿಕೋದವರ ಸ್ವತ್ತಾದ್ದರಿಂದ ಲೇಬಲ್ಲಿನಲ್ಲಿ ಇರುವುದು 'ಅಗೇವ್'. ಹಿಪ್ಪೆ ಹೂವಿನ ಮದ್ಯವನ್ನೂ ಸೊಗಸಾದ ಬಾಟಲಿಗೆ ತುಂಬಿದವರು ಇವರೇ.

ಜಿನ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಾಗಿಸುವ ಗೋಜಿಲ್ಲ, ಇಂದು ಇಳಿಸಿ ನಾಳೆ ಮಾರಬಹುದು. ಹಾಗಾಗಿ 2017ರಲ್ಲಿ ಗೋವಾದಿಂದ 'ಗ್ರೇಟರ್ ದ್ಯಾನ್' ಬಂದ ಮೇಲೆ ಸಾಲುಗಟ್ಟಿದವು. ಅದೇ ತಯಾರಕರ 'ಹಪುಸಾ'ದಲ್ಲಿ ಹಿಮಾಲಯದ ಜುನಿಪರ್ ಇದೆ, ಅದಕ್ಕೊಂದು ವ್ಯಕ್ತಿತ್ವವೂ ಇದೆ. ಉಳಿದ ಎಷ್ಟೋ ಬಾಟಲಿಗಳಲ್ಲಿ ವ್ಯಕ್ತಿತ್ವ ಗಾಜಿನದು ಮಾತ್ರ.

ಲಿಕ್ಯೂರ್ ಎಂದರೆ ಸಿಹಿ ಮದ್ಯ. ಸಾಮಾನ್ಯವಾಗಿ ಲೀಟರಿಗೆ ನೂರು ಗ್ರಾಂ ಸಕ್ಕರೆಯಾದರೂ ಇರಬೇಕೆನ್ನುವುದು ಯುರೋಪಿನ ನಿಯಮ. ಕೆನೆಯ ಬೈಲೀಸ್, ಕಿತ್ತಳೆ ಸಿಪ್ಪೆಯ ಕ್ವಾಂತ್ರೋ, 56 ಬಗೆಯ ಗಿಡಮೂಲಿಕೆಯ ಯೇಗರ್‌ಮೈಸ್ಟರ್, ಕಾಫಿಯ ಕಲೂವಾ ಇಲ್ಲಿ ಹಳಬರು. ಬೈಲೀಸ್‌ನಲ್ಲಿ ಮದ್ಯಸಾರ ನೂರಕ್ಕೆ 17, ಕ್ವಾಂತ್ರೋದಲ್ಲಿ 40. ಎರಡೂ ಸಿಹಿಯೆಂದು ಒಂದೇ ಅಳತೆಯಲ್ಲಿ ಸುರಿದುಕೊಳ್ಳುವವರಿಗೆ ಇದು ಗೊತ್ತಿರಬೇಕು. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವ ನಾಡಿನ ರಾಜಧಾನಿಯಲ್ಲಿ ಜನ ಇನ್ನೂ ಕಾಫಿ ಲಿಕ್ಯೂರ್ ಎಂದರೆ ಕಲೂವಾ ಎಂದೇ ಕೇಳುವುದು ನನಗೆ ಕಸಿವಿಸಿ. ಚಿಕ್ಕಮಗಳೂರು, ಕೊಡಗಿನ ತೋಟದವರು ಈ ಕಡೆ ನೋಡಬೇಕು.

ಯಾವ ಬಾಟಲಿ ಮಾರತ್ತಹಳ್ಳಿಗೆ ಬರುತ್ತದೆ ಎಂದು ತೀರ್ಮಾನಿಸುವುದು ರುಚಿಯೊಂದೇ ಅಲ್ಲ. ಕರ್ನಾಟಕದಲ್ಲಿ ಮದ್ಯದ ಸಗಟು ವ್ಯಾಪಾರವೆಲ್ಲ 2003ರಿಂದ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ಪ್ರತಿ ಬ್ರಾಂಡಿಗೂ ಇಲ್ಲಿ ನೋಂದಣಿ, ಘೋಷಿತ ಬೆಲೆ, ಅದಕ್ಕೆ ತಕ್ಕ ಸುಂಕದ ಸ್ಲ್ಯಾಬ್. ಗೋವಾದ ಸಣ್ಣ ತಯಾರಕನಿಗೆ ಇದು ಬೆಟ್ಟ ಹತ್ತಿದಂತೆ. 2024ರ ಆಗಸ್ಟ್‌ನಲ್ಲಿ ಸ್ಲ್ಯಾಬ್‌ಗಳನ್ನು 18ರಿಂದ 16ಕ್ಕೆ ಇಳಿಸಿ ದುಬಾರಿ ಮದ್ಯದ ಸುಂಕ ತಗ್ಗಿಸಿದ ಮೇಲೆ ಮೇಲಿನ ಕಪಾಟಿಗೆ ಕೈ ಹಾಕುವುದು ತುಸು ಸಲೀಸಾಯಿತು.

ಹೊಸದನ್ನು ನೋಡುವ ಮನಸ್ಸಿದ್ದರೆ ಮೊದಲೇ ಪೂರ್ತಿ ಬಾಟಲಿ ಕೊಳ್ಳಬೇಡಿ. ಸಣ್ಣ ಬಾಟಲಿ ಇದೆಯೇ ಕೇಳಿ, ಇಲ್ಲದಿದ್ದರೆ ಬಾರಿನಲ್ಲಿ ಮೂವತ್ತು ಎಂ.ಎಲ್. ಹಾಕಿಸಿ ನೋಡಿ. ಕೊಳ್ಳುವಾಗ ಲೇಬಲ್ಲಿನ ಹಿಂಬದಿ ಓದಿ: ಯಾವುದರಿಂದ ಇಳಿಸಿದ್ದು, ಎಲ್ಲಿ ಇಳಿಸಿದ್ದು. ಇವೆರಡನ್ನೂ ನೇರವಾಗಿ ಹೇಳದ ಬಾಟಲಿ ಎಷ್ಟೇ ಚಂದವಿದ್ದರೂ ಕಪಾಟಿನಲ್ಲೇ ಇರಲಿ.