ಗಿಳಿ ಹೇಳಿದ ಪ್ರೇಮಕಥೆ

‘ಕಾದಂಬರಿ’ ಎಂಬ ಮಾತು ಎಲ್ಲರಿಗೂ ಗೊತ್ತು. ಆದರೆ ಅದು ಮೊದಲಿಗೆ ಒಬ್ಬ ಕಥಾನಾಯಕಿಯ ಹೆಸರು ಎಂಬುದು ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು? ಏಳನೆಯ ಶತಮಾನದಲ್ಲಿ ಬಾಣಭಟ್ಟ ಸಂಸ್ಕೃತ ಗದ್ಯದಲ್ಲಿ ಆಕೆಯ ಪ್ರೇಮಕಥೆಯನ್ನು ಬರೆಯತೊಡಗಿದ. ಅದು ಮುಗಿಯುವ ಮೊದಲೇ ತೀರಿಕೊಂಡ, ಮಗ ಪೂರೈಸಿದ. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಒಂದನೆಯ ನಾಗವರ್ಮ ಅದನ್ನು ‘ಕರ್ಣಾಟಕ ಕಾದಂಬರಿ’ ಎಂಬ ಚಂಪೂ ಕಾವ್ಯವಾಗಿ ಕನ್ನಡಕ್ಕೆ ತಂದ.

ಹಳಗನ್ನಡ ಎಂದೊಡನೆ ಮಕ್ಕಳ ಕೈ ಗೈಡಿನತ್ತ ಹೋಗುತ್ತದೆ. ಬೆಂಗಳೂರಿನ ಮಾರೇನಹಳ್ಳಿಯ ಮನೆಯಾಗಲಿ, ದೂರದ ಊರಿನ ಹಾಸ್ಟೆಲ್ ಆಗಲಿ, ಪರೀಕ್ಷೆ ಹತ್ತಿರವಾದಾಗ ಕಾಣುವ ದೃಶ್ಯ ಒಂದೇ. ‘ಸಾರಾಂಶ ಬಾಯಿಪಾಠ ಮಾಡು, ಸಾಕು’ ಎನ್ನುವ ತಂದೆತಾಯಿಯರೂ ಉಂಟು. ಅಂಕಗಳೇನೋ ಬರಬಹುದು. ಕಥೆ ಮಾತ್ರ ಕೈತಪ್ಪುತ್ತದೆ.

ಈ ಕಥೆಯ ಕಷ್ಟ ಭಾಷೆಯದಷ್ಟೇ ಅಲ್ಲ. ಶೂದ್ರಕ ರಾಜನ ಸಭೆಗೆ ಬಂದ ಗಿಳಿಯೊಂದು, ಜಾಬಾಲಿ ಮುನಿಯಿಂದ ಕೇಳಿದ ವೃತ್ತಾಂತವನ್ನು ಹೇಳುತ್ತದೆ. ಅದರೊಳಗೆ ಅಚ್ಛೋದ ಸರೋವರದ ಬಳಿ ಮಹಾಶ್ವೇತೆ, ತನಗಾಗಿ ವಿರಹದಿಂದ ಸತ್ತ ಪುಂಡರೀಕನ ಕಥೆಯನ್ನು ಚಂದ್ರಾಪೀಡನಿಗೆ ಹೇಳುತ್ತಾಳೆ. ಗೆಳತಿಯ ದುಃಖ ತೀರುವವರೆಗೆ ಮದುವೆಯೇ ಬೇಡವೆಂದಿದ್ದ ಕಾದಂಬರಿ ಚಂದ್ರಾಪೀಡನಿಗೆ ಮನಸೋಲುತ್ತಾಳೆ. ಮುಂದೆ ಅವನೂ ಸಾಯುತ್ತಾನೆ. ಅವನ ದೇಹವನ್ನು ಕಾಯುತ್ತ ಕೂರುತ್ತಾಳೆ. ಕೊನೆಗೆ ತಿಳಿಯುವುದೇನು? ಕಥೆ ಕೇಳುತ್ತಿದ್ದ ಶೂದ್ರಕನೇ ಹಿಂದಿನ ಜನ್ಮದ ಚಂದ್ರಾಪೀಡ, ಹೇಳುತ್ತಿದ್ದ ಗಿಳಿಯೇ ಪುಂಡರೀಕ! ಅಗಲಿದವರು ಮತ್ತೆ ಕೂಡುತ್ತಾರೆ.

ಸಾರಾಂಶದಲ್ಲಿ ಇದು ಬರೀ ಶಾಪ, ಪುನರ್ಜನ್ಮ. ಕಾವ್ಯದಲ್ಲಿ ಹಾಗಲ್ಲ. ವರ್ಣನೆಗಳು ಕಥೆಯನ್ನು ನಿಧಾನಿಸುತ್ತವೆ. ಆ ನಿಧಾನದಲ್ಲೇ ಕಾಯುವವರ ಸಂಕಟ ಓದುವವರಿಗೂ ತಟ್ಟುತ್ತದೆ.

ಓದಲು ದಾರಿಯಿದೆ. ಬನ್ನಂಜೆ ಗೋವಿಂದಾಚಾರ್ಯರು ಬಾಣನ ಕೃತಿಯನ್ನು ಹೊಸಗನ್ನಡಕ್ಕೆ ತಂದಿದ್ದಾರೆ. ಮೊದಲು ಅದರಿಂದ ಕಥೆ ತಿಳಿದುಕೊಳ್ಳಬೇಕು. ಯಾರು ಯಾರಿಗೆ ಹೇಳುತ್ತಿದ್ದಾರೆಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಬೇಕು. ಆಮೇಲೆ ನಾಗವರ್ಮನ ಒಂದು ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿ, ಸಂಧಿ ಬಿಡಿಸಿ, ಕ್ರಿಯಾಪದ ಹುಡುಕಬೇಕು. ನಿಘಂಟು ಕೊನೆಗೆ. ದಿನಕ್ಕೆ ಒಂದೇ ಪದ್ಯವಾದರೂ ಸರಿ. ತಂದೆಯೋ ತಾಯಿಯೋ ಪಕ್ಕದಲ್ಲಿ ಕುಳಿತು ಕೇಳಿದರೆ ಇನ್ನೂ ಚೆನ್ನ.

ನಾಗವರ್ಮನೂ ಮೊದಲು ಒಬ್ಬ ಓದುಗನೇ. ಕಠಿಣವಾದ ಗ್ರಂಥವೊಂದನ್ನು ಓದಿ, ಅರಗಿಸಿಕೊಂಡು, ಸಂಗ್ರಹಿಸಿ ತನ್ನವರಿಗೆ ತನ್ನ ನುಡಿಯಲ್ಲಿ ಹೇಳಿದ. ಸಾವಿರ ವರ್ಷಗಳ ಹಿಂದೆ ಅವನು ಪಟ್ಟ ಶ್ರಮದಲ್ಲಿ ಸ್ವಲ್ಪ ಪಾಲು ಇಂದಿನ ವಿದ್ಯಾರ್ಥಿಗಳೂ ಹೊತ್ತರೆ, ‘ಕಾದಂಬರಿ’ ಅವರಿಗೆ ಬರೀ ಒಂದು ಪದವಾಗಿ ಉಳಿಯುವುದಿಲ್ಲ.